ಗೋರಂಟಿ ಬೇಲಿ ಮತ್ತು ಮುದಗಲ್ಲಿನ ಬೀಗರು

ಸಿಂಧನೂರಿನಲ್ಲಿ ಮನೆ ಕಟ್ಟಿದವರೆಲ್ಲ ಸುತ್ತ ಗೋಡೆ ಎಬ್ಬಿಸಿ, ಮೇಲೆ ಗಾಜಿನ ಚೂರು ನೆಟ್ಟು, ತಮ್ಮ ಜೈಲಿನಲ್ಲಿ ತಾವೇ ಕೂತಿದ್ದಾರೆ. ನಾನು ಮಾತ್ರ ಅಂಥವನಲ್ಲ! “ನನ್ನ ಮನೆಗೆ ಹಸಿರು ಬೇಲಿ. ಗುಬ್ಬಿ ಬರಲಿ, ಜೇನು ಬರಲಿ, ಓತಿಕ್ಯಾತ ಬಂದರೂ ಬರಲಿ” ಎಂದು ನನ್ನ ಬಟ್ಟೆ ಅಂಗಡಿಯಲ್ಲಿ ಕೂತು ಘೋಷಿಸಿದೆ. ಪಾಪ, ಬ್ಲೌಸ್ ಪೀಸ್ ಕೇಳಲು ಬಂದ ಗಿರಾಕಿಗಳು ನಿಸರ್ಗ ರಕ್ಷಣೆಯ ಭಾಷಣ ಕೇಳಿ ಬರಿಗೈಲಿ ಹೋದರು.

“ಗೋಡಿ ಕಟ್ಟಾಕ ಬ್ಯಾಸರ ಅಂತ ಸೀದಾ ಹೇಳ್ರಿ. ಗುಬ್ಬಿ ಮ್ಯಾಲ ಯಾಕ ಹಾಕ್ತೀರಿ?” ಎಂದಳು ಹೆಂಡತಿ ಶಿವಕುಮಾರಿ.

ನಾನು ಹಿಡಿದ ಹಟ ಬಿಡಲಿಲ್ಲ. ಮನೆಯ ಮೂರು ದಿಕ್ಕಿಗೂ ಗೋರಂಟಿ ನೆಟ್ಟೆ, ಅದೇ ಹೆಂಗಸರು ಕೈಗೆ ಹಚ್ಚಿಕೊಳ್ಳುವ ಮದರಂಗಿ. ಮೂರು ವರ್ಷದಲ್ಲಿ ಅದು ನನ್ನ ತಲೆ ಮೀರಿ ಬೆಳೆಯಿತು. ಸಣ್ಣ ಸಣ್ಣ ಹೂ ಬಿಟ್ಟು ಓಣಿಗೆಲ್ಲ ಘಮ ಹರಡಿತು. ನಾಲ್ಕನೆಯ ದಿಕ್ಕಿಗೆ, ಅಂದರೆ ಹಿತ್ತಲಿಗೆ, ಪಕ್ಕದ ದಾವಲ್‌ಸಾಬರ ಮನೆಗೂ ನಮಗೂ ಸೇರಿ ಮೊಣಕಾಲೆತ್ತರದ ಹಳೇ ಗೋಡೆಯೊಂದಿತ್ತು.

ರಂಜಾನ್ ಹಬ್ಬದ ಹಿಂದಿನ ದಿನ ದಾವಲ್‌ಸಾಬರ ಹೆಂಡತಿ ಮೆಹಬೂಬ್‌ಬೀ ಬುಟ್ಟಿ ಹಿಡಿದು ಬಂದರು. “ಅಣ್ಣಾರ, ಹುಡುಗ್ಯಾರ ಕೈಗೆ ಹಚ್ಚಾಕ ಒಂದೆರಡು ಬೊಗಸಿ ಎಲಿ ಹರಕೊಳ್ಳಲೇನ್ರಿ?”

“ಇದು ಹಕ್ಕಿಗಳ ಆಸ್ತಿ ನೋಡ್ರಿ. ನಾ ಬರೇ ಕಾವಲುಗಾರ,” ಎಂದೆ, ಎದೆ ಉಬ್ಬಿಸಿ.

ಅವರು ಖಾಲಿ ಬುಟ್ಟಿ ಹಿಡಿದು ವಾಪಸ್ ಹೋದರು. ಮರುದಿನ ನಮ್ಮ ಮನೆಗೆ ತಪ್ಪದೆ ಹಬ್ಬದ ಶಾವಿಗೆ ಪಾಯಸ, ಸುರಕುಂಬಾ ಕಳಿಸಿದರು. ಕಾವಲುಗಾರ ನಾಚಿಕೆಯಿಲ್ಲದೆ ಎರಡು ಬಟ್ಟಲು ಕುಡಿದ.

ಹದಿನೈದು ದಿನದಲ್ಲಿ ಆಸ್ತಿಯ ಮಾಲೀಕರು ಬಂದೇಬಿಟ್ಟರು. ಬುಲ್‌ಬುಲ್ ಹಕ್ಕಿಯ ಜೋಡಿ! ಇಷ್ಟುದ್ದ ಬೇಲಿಯಲ್ಲಿ ಅವಕ್ಕೆ ಸಿಕ್ಕ ಜಾಗ ಯಾವುದು? ಗೇಟಿಗೆ ಒರಗಿಕೊಂಡ ಟೊಂಗೆ. ಅಲ್ಲೇ ಗೂಡು, ಗೂಡಿನಲ್ಲಿ ಮೂರು ತತ್ತಿ. ನಮ್ಮ ಮಗಳು ಭಾಗ್ಯಶ್ರೀ ಗೇಟನ್ನು ಹಗ್ಗದಿಂದ ಬಿಗಿದು ಕಟ್ಟಿದಳು.

“ಗೇಟು ತೆರದ್ರ ಟೊಂಗಿ ಅಳ್ಳಾಡತೈತಿ ಅಪ್ಪಾ. ತತ್ತಿ ಬಿದ್ದು ಒಡೀತಾವ.”

“ಮತ್ತ ನಾವು ಹಾರಿ ಹೋಗಬೇಕೇನು?”

“ದಾವಲ್ ಕಾಕಾರ ಮನಿ ಐತಲ್ಲ.”

ಅಂದಿನಿಂದ ನಮ್ಮ ಸಂಸಾರ ದಾವಲ್‌ಸಾಬರ ಮುಂಬಾಗಿಲಿನಿಂದ ಒಳಹೊಕ್ಕು, ಪಡಸಾಲೆ ದಾಟಿ, ಅಡುಗೆಮನೆ ದಾಟಿ, ಹಿತ್ತಲಿನ ಗೋಡೆ ಹತ್ತಿಳಿದು ಮನೆ ಸೇರತೊಡಗಿತು. ಹಾಲು ಅಲ್ಲಿಂದಲೇ ಬಂತು. ಗ್ಯಾಸ್ ಸಿಲಿಂಡರ್ ಅವರ ಪಡಸಾಲೆಯಲ್ಲಿ ಉರುಳಿಕೊಂಡು ಬಂತು. ಮೆಹಬೂಬ್‌ಬೀ ಒಂದು ದಿನವೂ ಮುಖ ಸಿಂಡರಿಸಲಿಲ್ಲ, ಚಾ ಕುಡಿಸದೆ ಬಿಡಲೂ ಇಲ್ಲ. ಒಂದು ಸಂಜೆ ನಾನು ಅಂಗಡಿಯಿಂದ ಬಂದು ಕಾಲು ತೊಳೆದು ಟವೆಲ್ ಕೇಳಿದೆ. ಟವೆಲ್ ಕೊಟ್ಟವರು ದಾವಲ್‌ಸಾಬರು. ಆಗಲೇ ನೋಡಿ ನನಗೆ ಅದು ಯಾರ ಮನೆಯೆಂದು ಹೊಳೆದದ್ದು.

ತತ್ತಿ ಒಡೆದು ಮರಿಯಾಗಿ ನಾಲ್ಕು ದಿನವಾಗಿತ್ತು. ಮುದಗಲ್ಲಿನಿಂದ ಫೋನ್ ಬಂತು: ಭಾನುವಾರ ಹೆಣ್ಣು ನೋಡಲು ಬರುತ್ತೇವೆ! ಹುಡುಗ ಬಳಗಾನೂರಿನ ಶಾಲೆಯಲ್ಲಿ ಮೇಷ್ಟ್ರು. ಭಾಗ್ಯಶ್ರೀಗೆ ಫೋಟೊ ನೋಡಿಯೇ ಮನಸ್ಸಾಗಿತ್ತು. ಈ ಸಂಬಂಧ ಕೈತಪ್ಪಿದರೆ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ನಮ್ಮ ಕಡೆ ಹೆಣ್ಣನ್ನು ನೋಡುವುದು ನೆಪಕ್ಕೆ. ನಿಜವಾದ ಪರೀಕ್ಷೆ ನಡೆಯುವುದು ನೆರೆಮನೆಯಲ್ಲಿ, ಗುಟ್ಟಾಗಿ. “ಮಂದಿ ಹ್ಯಾಂಗ್ರಿ?” ಎಂದು ಒಂದು ಮಾತು ಕೇಳಿದರೆ ಮುಗಿಯಿತು. ಅದಕ್ಕೇ ಬೀಗರನ್ನು ನೆರೆಯವರ ಕಣ್ಣಿಗೆ ಬೀಳದಂತೆ ಸರಕ್ಕನೆ ಒಳಗೆ ಕರೆದುಕೊಳ್ಳುವುದು ಹೆಣ್ಣು ಹೆತ್ತವರ ಜಾಣತನ. ನಾನೋ, ಅವರನ್ನು ನೆರೆಯವರ ಅಡುಗೆಮನೆಗೇ ಮೆರವಣಿಗೆಯಲ್ಲಿ ಒಯ್ಯಬೇಕಿತ್ತು. ಅದೂ ಎಂಥ ನೆರೆ? ನಾನು ಎರಡು ಬೊಗಸೆ ಎಲೆ ಕೊಡದ ನೆರೆ.

ಶನಿವಾರ ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ಗೇಟಿನ ಬಳಿ ಸ್ಟೂಲ್ ಹಾಕಿ ಹತ್ತಿದೆ. ಗೂಡನ್ನು ಮೆಲ್ಲಗೆ ಎತ್ತಿ ಹಿತ್ತಲಿಗೆ ವರ್ಗಾವಣೆ ಮಾಡುವ ಯೋಜನೆ! ಕೈ ಚಾಚಿದ್ದೇ ತಡ, ಭಾಗ್ಯಶ್ರೀ ಓಡಿಬಂದಳು.

“ಲಗ್ನ ಆಗ್ಲಿಲ್ಲಂದ್ರ ಹಂಗ ಇರ್ತೀನಿ ಅಪ್ಪಾ. ಗೂಡು ಮಾತ್ರ ಮುಟ್ಟಬ್ಯಾಡ್ರಿ.”

ಉತ್ತರ ಕೊಡುವಷ್ಟರಲ್ಲಿ ತಾಯಿಹಕ್ಕಿ ಬಂದು ನನ್ನ ಬೋಳುತಲೆಗೆ ಕುಕ್ಕಿತು. ನಾನು ಸ್ಟೂಲಿನಿಂದ ಜಾರಿ ನನ್ನದೇ ಬೇಲಿಯೊಳಗೆ ಸೊಂಟದ ತನಕ ಹೂತುಹೋದೆ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಮೆಹಬೂಬ್‌ಬೀ ಬಗ್ಗಿ ನೋಡಿದರು.

“ಏನ್ರಿ ಅಣ್ಣಾರ, ಹಕ್ಕಿ ಆಸ್ತಿ ಸರ್ವೇ ಮಾಡಾಕತ್ತೀರೇನು?”

ಭಾನುವಾರ ಬೀಗರು ಬಂದರು. ಗಂಡಸರು ಗೋಡೆ ದಾಟಿದರು. ಹುಡುಗನ ತಾಯಿ ಬಸವಣ್ಣೆಮ್ಮನವರಿಗೆ ಮೊಣಕಾಲು ನೋವು. “ಸ್ವಲ್ಪ ಕುಂತು ಬರ್ತೀನಿ” ಎಂದು ಮೆಹಬೂಬ್‌ಬೀಯ ಅಡುಗೆಮನೆಯಲ್ಲೇ ಮಣೆ ಹಾಕಿಸಿಕೊಂಡರು. ಅರ್ಧ ತಾಸು! ಗೋಡೆಯಾಚೆ ಇಬ್ಬರ ನಗು ಕೇಳುತ್ತಿತ್ತು. ಒಂದೊಂದು ನಗೆಗೂ ನಾನು ಕತ್ತು ಚಾಚಿ ಗೋಡೆಯತ್ತ ಕಿವಿಗೊಡುತ್ತಿದ್ದೆ.

“ಅಷ್ಟು ನಗಾಕತ್ತಾರಂದ್ರ ನಿಮ್ಮ ಸುದ್ದಿನ ಇರಬೇಕು,” ಎಂದು ಶಿವಕುಮಾರಿ ಪಿಸುಗುಟ್ಟಿದಳು.

ಕೊನೆಗೂ ಬಸವಣ್ಣೆಮ್ಮನವರು ಮೆಹಬೂಬ್‌ಬೀಯ ಕೈ ಹಿಡಿದು ಗೋಡೆ ದಾಟಿ ಬಂದರು. ಇನ್ನು ತಡಮಾಡಿದರೆ ಕೆಟ್ಟೆನೆಂದು ನಾನೇ ಶುರುಮಾಡಿದೆ. “ನೋಡ್ರಿ ಅವ್ವಾರ, ಒಂದು ಹಕ್ಕಿ ಸಲುವಾಗಿ ಸ್ವಂತ ಮನಿ ಬಾಗಲಾ ಮುಚ್ಚಿದವ ನಾನು...”

ಅವರು ನನ್ನ ಭಾಷಣವನ್ನು ಪೂರ್ತಿ ಕೇಳಿದರು, ಚಾ ಕುಡಿದು ಕಪ್ಪು ಕೆಳಗಿಟ್ಟರು. “ಸ್ಟೂಲ್ ಹತ್ತಿದ್ದೂ ಗೊತ್ತಾತ್ರಿ,” ಎಂದರು ತಣ್ಣಗೆ. “ಲಗ್ನ ಬಿಡ್ತೀನಿ, ಗೂಡು ಬಿಡಾಂಗಿಲ್ಲ ಅಂದಳಂತಲ್ಲ ನಿಮ್ಮ ಮಗಳು? ಅಂಥಾ ಸೊಸಿ ನಮಗ ಬೇಕು. ಹೆಣ್ಣು ಪಸಂದ ಬಂದಾಳ.”

ಭಾಗ್ಯಶ್ರೀ ತಲೆ ತಗ್ಗಿಸಿ ನಕ್ಕಳು. ನಾನು ಮೆಹಬೂಬ್‌ಬೀ ಕಡೆ ನೋಡಿದೆ. ಸ್ಟೂಲಿನ ಸುದ್ದಿ ಹೇಳಿದ ಆ ತಾಯಿ ಎಲೆ ಕೊಡದ ಮಾತನ್ನು ಮಾತ್ರ ಎತ್ತಿರಲೇ ಇಲ್ಲ. ಮಗಳ ಬಾಳು ಅವರ ನಾಲಿಗೆಯ ತುದಿಯಲ್ಲಿತ್ತು. ಅವರು ಅದನ್ನು ಹೂವಿನಂತೆ ಎತ್ತಿ ಕೊಟ್ಟಿದ್ದರು. “ಅಕ್ಕಾರ, ಇಡೀ ಬೇಲಿ ನಿಮ್ಮದು. ಲಗ್ನದ ಗೋರಂಟಿಗೆ ಮೊದಲ ಎಲಿ ನೀವ ಹರೀಬೇಕು,” ಎಂದೆ. ಅಷ್ಟು ಮನಃಪೂರ್ವಕವಾಗಿ ನಾನು ಜನ್ಮದಲ್ಲಿ ಯಾರಿಗೂ ಏನನ್ನೂ ಹೇಳಿರಲಿಲ್ಲ.

ಹೊರಡುವಾಗ ಬಸವಣ್ಣೆಮ್ಮನವರು ನನ್ನ ಹೆಂಡತಿಗೆ ಹೇಳಿದರು: “ಮಾತುಕತಿಗೆ ಮುದಗಲ್ಲಿಗೆ ಬರ್ರಿ. ಮೆಹಬೂಬ್‌ಬೀನ್ನ ಮಾತ್ರ ಮರೀದ ಕರಕೊಂಡು ಬರ್ರಿ. ಯಜಮಾನ್ರಿಗೆ ಅಂಗಡಿ ಕೆಲಸ ಇದ್ರ, ಅವರು ಬರದಿದ್ರೂ ನಡೀತೈತಿ.”