ಆಡಿಸನ್ ಸ್ಟೇಷನ್ನಿನ ಬೋರ್ಡು

"ಈ ಮನೆಗೆ ಪಿಯಾನೋ ಬಂದ ದಿನ ಆ ಬೋರ್ಡು ಇಳಿಸ್ತೀನಿ" ಎಂದು ಎಲ್ಮರ್ ಮದುವೆಯಾದ ಹೊಸತರಲ್ಲಿ ಹೆಂಡತಿ ಇಂಗ್ರಿಡ್‌ಗೆ ಮಾತು ಕೊಟ್ಟಿದ್ದ. ಟ್ರಾಮ್ ಕಂಡಕ್ಟರನ ಸಂಬಳದಲ್ಲಿ ಪಿಯಾನೋ ಎಲ್ಲಿ ಬರುತ್ತೆ ಎಂಬ ಧೈರ್ಯ. ಆದರೆ ಇಂಗ್ರಿಡ್‌ಳ ಚಿಕ್ಕಮ್ಮ ಸಾಯುವ ಮುಂಚೆ ತನ್ನ ಪಿಯಾನೋವನ್ನು ಇವಳ ಹೆಸರಿಗೆ ಬರೆದುಬಿಟ್ಟಳು. ಹೋಗುತ್ತ ಎಲ್ಮರ್‌ನ ಧೈರ್ಯವನ್ನೂ ಜೊತೆಗೇ ಒಯ್ದಳು.

ಶಿಕಾಗೋದ ಆ ಪುಟ್ಟ ಮನೆ ತುಂಬ ಹಳೇ ರೈಲು, ಟ್ರಾಮುಗಳ ಬೋರ್ಡುಗಳೇ. ಊಟದ ಮೇಜಿನ ಮೇಲೆ 'ಉಗುಳಬಾರದು', ಬಚ್ಚಲ ಬಾಗಿಲಿಗೆ 'ಮುಂದಿನಿಂದ ಇಳಿಯಿರಿ'. ಅವನ್ನೆಲ್ಲ ಇಂಗ್ರಿಡ್ ಸಹಿಸಿಕೊಂಡಿದ್ದಳು. ನಡುಮನೆಯ ಗೋಡೆಯನ್ನು ಪೂರ್ತಿ ನುಂಗಿದ್ದು ಮಾತ್ರ 'ಆಡಿಸನ್'. ಬೇಸ್‌ಬಾಲ್ ಮೈದಾನದ ಪಕ್ಕದ ಸ್ಟೇಷನ್ನಿನದು, ಬಾಗಿಲಿನಷ್ಟು ಉದ್ದದ ಕಬ್ಬಿಣ. ಅಪ್ಪನ ಹೆಗಲ ಮೇಲೆ ಕೂತು ಮೊದಲ ಆಟ ನೋಡಲು ಹೋದಾಗ ಎಲ್ಮರ್ ಇಳಿದದ್ದು ಅದರ ಕೆಳಗೇ. ಉಳಿದ ಬೋರ್ಡುಗಳು ಅವನಿಗೆ ನೆಂಟರಾದರೆ ಇದು ಹೆತ್ತ ಮಗು.

ಪಿಯಾನೋ ಬರುವ ಮಧ್ಯಾಹ್ನ ಅವನು ನಿಟ್ಟುಸಿರಿಟ್ಟು ಮೊದಲ ಸ್ಕ್ರೂ ಬಿಚ್ಚಿದ. ರೇಡಿಯೋದಲ್ಲಿ ನಮ್ಮವರ, ಅಂದರೆ ನಮ್ಮ ಶಿಕಾಗೋ ತಂಡದ, ಬೇಸ್‌ಬಾಲ್ ಆಟ ನಡೆದಿತ್ತು. ಸ್ಕ್ರೂ ಕೈಗೆ ಬಂದದ್ದೇ ತಡ, ಎದುರಾಳಿ ಚೆಂಡನ್ನು ಮೈದಾನದಾಚೆಯ ಬೀದಿಗೆ ಅಟ್ಟಿದ.

"ಯಾರಯ್ಯಾ ಅದು, ಏನು ಮುಟ್ಟಿದೆ?" ಹಿಂದಿನ ಜಗಲಿಯಿಂದ ಪಕ್ಕದ ಮನೆಯ ಗಸ್ ಕೂಗಿದ. ಅದೃಷ್ಟ ಕೆಟ್ಟೀತೆಂದು ಆಟ ನಡೆಯುವಾಗ ಆ ಬೀದಿಯಲ್ಲಿ ಯಾರೂ ಕೂತ ಕುರ್ಚಿ ಬದಲಿಸುವುದಿಲ್ಲ. ಗೆಲ್ಲುವ ದಿನಗಳಲ್ಲಿ ಕಾಲುಚೀಲ ಒಗೆಯುವುದಿಲ್ಲ.

"ಒಂದೇ ಒಂದು ಸ್ಕ್ರೂ ಕಣೋ."

"ಮೊದ್ಲು ಹಾಕೋ ಮಾರಾಯ!"

ಹಾಕಿದ. ನಮ್ಮವರಿಗೆ ಒಂದು ರನ್ ಬಂತು. ಖಾತ್ರಿ ಮಾಡಿಕೊಳ್ಳಲು ಗಸ್ ತಾನೇ ಬಂದು ಅರ್ಧ ಸುತ್ತು ಸಡಿಲಿಸಿದ. ನಮ್ಮ ಹುಡುಗ ಕೈಗೇ ಬಂದ ಕ್ಯಾಚನ್ನು ಒದ್ದೆ ಸೋಪಿನಂತೆ ಜಾರಿಸಿದ.

ಇನ್ನೇನು ಬೇಕು? ಬಿಯರ್ ಬಾಟಲಿ ಹಿಡಿದು ಇಡೀ ಕಟ್ಟಡವೇ ಬಂದು ಬೋರ್ಡಿಗೆ ಕಾವಲು ಕೂತಿತು. ಪಿಯಾನೋ ಹೊತ್ತು ತಂದ ಹಮಾಲರು ಅದನ್ನು ಮೆಟ್ಟಿಲ ನಡುವೆಯೇ ಬಿಟ್ಟು ಒಳಗೆ ಬಂದು ಟೋಪಿ ತೆಗೆದರು.

"ಆಟ ಮುಗಿಯೋ ತನಕ ನಾವು ಆ ಗೋಡೆ ಮುಟ್ಟಲ್ಲ ಅಮ್ಮಾ" ಎಂದ ಅವರಲ್ಲೊಬ್ಬ ದಪ್ಪಗಿನವನು.

"ನಾಳೇನೂ ಆಟ ಇದೆ" ಎಂದ ಗಸ್. "ನಾಡಿದ್ದೂ ಇದೆ."

ಎಲ್ಮರ್ ಹೆಂಡತಿಯ ಕಡೆ ನೋಡಿ ಕೈಚೆಲ್ಲಿದ. "ನಾನೇನು ಮಾಡ್ಲಿ ಹೇಳು? ಇದು ಊರಿನ ವಿಷಯ." ಒಳಗೊಳಗೇ ಕುಣಿಯುತ್ತಿದ್ದ.

ಇಂಗ್ರಿಡ್ ಸಿಟ್ಟಾಗಲಿಲ್ಲ. ಎಲ್ಲರಿಗೂ ಸಾಸೇಜ್ ಹುರಿದು ಕೊಟ್ಟಳು. ಬೋರ್ಡು ಬಿಗಿಯಾಗಿ ಕೂತಿರುವಾಗಲೇ ನಮ್ಮವರು ಕೊನೆಯ ಇನ್ನಿಂಗ್ಸ್‌ನಲ್ಲಿ ಸೋತರು. ಜನ ಪೆಚ್ಚಾಗಿ ಸ್ಕ್ರೂಗಳನ್ನೇ ನೋಡುತ್ತಿದ್ದಾಗ ಅವಳು ಮೆಲ್ಲಗೆ ಕೇಳಿದಳು:

"ರೀ, ಇದನ್ನ ತಗಲಿಹಾಕಿದ್ದು ನಮ್ಮ ಮದುವೆ ವರ್ಷ ಅಲ್ವಾ? ಯಾವ ವರ್ಷ ಅಂತ ನೆನಪಿದೆಯಾ?"

ಇಷ್ಟು ಜನರ ಮುಂದೆ ಮದುವೆಯ ವರ್ಷ ಮರೆತು ಮಾನ ಕಳಕೊಳ್ಳುವ ಗಂಡಸಲ್ಲ ಎಲ್ಮರ್. ಎದೆಯುಬ್ಬಿಸಿ, "ನಲವತ್ತಾರನೇ ಇಸವಿ!" ಎಂದ.

ಗಸ್ ಬಾಟಲಿ ಕೆಳಗಿಟ್ಟ.

"ನಾವು ಕೊನೇ ಸಲ ಲೀಗ್ ಗೆದ್ದಿದ್ದು ನಲವತ್ತೈದರಲ್ಲಿ. ಆಮೇಲೆ?"

ಆಮೇಲೆ ಏನೂ ಇಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕಣ್ಣುಗಳೆಲ್ಲ ಬೋರ್ಡಿನಿಂದ ಎಲ್ಮರ್‌ನ ಕಡೆ ಹೊರಳಿದವು.

"ಇಷ್ಟು ವರ್ಷ ನಮ್ಮನ್ನ ಸೋಲಿಸ್ತಿದ್ದೋನು ನೀನೇನೋ, ಪಾಪಿ?"

ಸ್ಕ್ರೂ ಬಿಚ್ಚಲು ಹತ್ತು ಕೈ ಮುಂದೆ ಬಂದವು. ಪಿಯಾನೋವನ್ನು ಆ ಗೋಡೆಗೆ ಒರಗಿಸಿಟ್ಟ ಹಮಾಲರೇ ಬೋರ್ಡನ್ನು ಹೊತ್ತು ಗುಜರಿಗೆ ಹಾಕಿಬಂದರು, ಕೂಲಿ ಕೂಡ ಕೇಳಲಿಲ್ಲ.

ಪಿಯಾನೋ ಬಂದ ದಿನವೇ ಬೋರ್ಡು ಇಳಿಯಿತು. ಎಲ್ಮರ್ ಕೊಟ್ಟ ಮಾತು ನಡೆಯಿತು.