ದೊಡ್ಡಪ್ಪ ಒಪ್ಪುವಂಥ ಸ್ಮರಣೆ

ನಮ್ಮ ಮನೆತನದವರು ಭಕ್ತಿಯಿಂದ ಒಂದು ಕೆಲಸಕ್ಕೆ ಕೈಹಾಕಿದರೆ ಎಡವಟ್ಟು ಗ್ಯಾರಂಟಿ. ಪೀಣ್ಯದಲ್ಲಿ ಪಂಪ್ ಕಾರ್ಖಾನೆ ನಡೆಸಿದ ದೊಡ್ಡಪ್ಪ ತೀರಿಹೋಗಿ ವರ್ಷವಾದಾಗ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಒಂದು ಹಾಲ್‌ನಲ್ಲಿ ಸ್ಮರಣೆ ಇಟ್ಟುಕೊಂಡೆವು. ನಮ್ಮಲ್ಲಿ ಅರ್ಧ ಜನ ಓದಿದ್ದೇ ಅವರ ದಯೆಯಿಂದ. ಮಗನ ಜೊತೆ ಸ್ಯಾನ್ ರಮೋನ್‌ನಲ್ಲಿರುವ ದೊಡ್ಡಮ್ಮನದು ಒಂದೇ ಷರತ್ತು: "ಅವ್ರು ಒಪ್ಪದ್ದು ಏನೂ ಮಾಡ್ಬಾರ್ದು." ವರ್ಷದಿಂದ ಅವರು ನಕ್ಕಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಅಂದು ಅವರ ಮನಸ್ಸು ನೋಯಬಾರದು ಎಂಬುದಷ್ಟೇ ನಮ್ಮ ಆಸೆ.

ಬಾಗಿಲು

ಕಾರ್ಖಾನೆಯ ಗೇಟು ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮುಚ್ಚುತ್ತಿತ್ತು. ಅದೇ ಶಿಸ್ತಿನಲ್ಲಿ ದೊಡ್ಡಮ್ಮನ ಮಗ ವಾಟ್ಸಾಪಿನಲ್ಲಿ ಹಾಕಿದ: "ಹತ್ತಕ್ಕೆ ಡೋರ್ ಕ್ಲೋಸ್. ಯಾರಿಗೂ ಎಕ್ಸೆಪ್ಷನ್ ಇಲ್ಲ." ನಾವೆಲ್ಲ ಒಂಬತ್ತೂವರೆಗೇ ಒಳಗೆ. ಹತ್ತೂ ಹತ್ತಕ್ಕೆ ಬಾಗಿಲು ಬಡಿದವನು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದ ಅದೇ ಮಗ, ಜೊತೆಗೆ ದೊಡ್ಡಮ್ಮ. ನಾನು ತೆಗೆಯಲು ಓಡಿದೆ. ಗಾಜಿನಾಚೆಯಿಂದಲೇ ದೊಡ್ಡಮ್ಮ ತಡೆದರು. "ತೆಗೀಬೇಡ ಕಣೋ. ಒಂದಿನ ಅವ್ರೇ ಲೇಟಾಗಿ ಬಂದು ಅರ್ಧ ಗಂಟೆ ಗೇಟಿನ ಹೊರಗೆ ನಿಂತಿದ್ರು."

ಕಾಲು ಗಂಟೆಯಾದ ಮೇಲೆ ಮಗ ಒಂದು ಎಕ್ಸೆಪ್ಷನ್ ಕೇಳಿದ. ಅಮ್ಮ ಕೊಡಲಿಲ್ಲ.

ಫೋಟೊ

ದೊಡ್ಡಪ್ಪ ಒಬ್ಬರೇ ನಿಂತು ಫೋಟೊ ತೆಗೆಸಿಕೊಂಡವರಲ್ಲ. ಎಲ್ಲದರಲ್ಲೂ ಕೆಲಸಗಾರರ ಹಿಂದೆ, ಕೊನೇ ಸಾಲು. ಪಕ್ಕದ ಫೋರ್‌ಮನ್‌ನನ್ನು ಕತ್ತರಿಸಿದರೆ ದೊಡ್ಡಪ್ಪನ ಅರ್ಧ ಮುಖವೂ ಹೋಗುತ್ತಿತ್ತು. ಹಾಗಾಗಿ ಇಬ್ಬರನ್ನೂ ಉಳಿಸಿ, ದೊಡ್ಡದು ಮಾಡಿಸಿ, ಹಾರ ಹಾಕಿದೆ.

ಅರ್ಧ ಗಂಟೆ ಪೂರೈಸಿ ಒಳಗೆ ಬಂದ ದೊಡ್ಡಮ್ಮ ಕನ್ನಡಕ ಏರಿಸಿ ನೋಡಿದರು. "ಅಯ್ಯೋ, ಫೋರ್‌ಮನ್ ನಿನ್ನೆ ತಾನೇ ನಂಗೆ ಫೋನ್ ಮಾಡಿದ್ದನಲ್ಲೋ!"

ಊಟ

ಕ್ಯಾಂಟೀನಿನಲ್ಲಿ ಕೆಲಸಗಾರರಿಗೆಲ್ಲ ತಾವೇ ಬಡಿಸಿ, ದೊಡ್ಡಪ್ಪ ಕೊನೆಗೆ ಉಣ್ಣುತ್ತಿದ್ದರು. ಅಂದು ತಾನೂ ಹಾಗೇ ಮಾಡಬೇಕೆಂದು ಪ್ರತಿಯೊಬ್ಬರೂ ಮನಸ್ಸಿನಲ್ಲೇ ನಿರ್ಧರಿಸಿದ್ದರು. ನಲವತ್ತು ಜನ, ನಲವತ್ತೂ ಬಡಿಸುವವರೇ.

"ಅತ್ತೆ, ನೀವು ಮೊದ್ಲು ಕೂತ್ಕೊಳಿ," ಎಂದೆ ಸೋದರತ್ತೆಗೆ.

"ಇಲ್ಲಪ್ಪ, ನಾನು ಲಾಸ್ಟು."

ಬಿಸಿಬೇಳೆಬಾತು ಆರಿ ಗಟ್ಟಿಯಾಯಿತು. "ಡ್ಯಾಡ್, ಐ ಆಮ್ ಸ್ಟಾರ್ವಿಂಗ್," ಎಂದ ನನ್ನ ಮಗಳೂ ಕೈಯ ಸೌಟು ಬಿಡಲಿಲ್ಲ.

ಅಷ್ಟರಲ್ಲಿ ಹಾಲ್ ಗುಡಿಸುವ ಮೆಕ್ಸಿಕನ್ ಹಿರಿಯರೊಬ್ಬರು ಪೊರಕೆ ಹಿಡಿದು ಬಂದರು. ನಮಗೆ ಜೀವ ಬಂದಂತಾಯಿತು. ಒಬ್ಬರು ಕೆಲಸಗಾರರು ಸಿಕ್ಕರು! ಕೈಹಿಡಿದು ಕೂರಿಸಿಯೇ ಬಿಟ್ಟೆವು. ಒಬ್ಬರು ಹಪ್ಪಳ, ಇನ್ನೊಬ್ಬರು ಕೋಸಂಬರಿ, ದೊಡ್ಡಮ್ಮನ ಮಗನಂತೂ ಮೂರು ಸಲ ತುಪ್ಪ. ಪಾಪ, ಅವರು ತಿನ್ನುತ್ತಲೇ ಇದ್ದರು, ನಾವು ಸುತ್ತ ನಿಂತು ಹಸಿದ ಹೊಟ್ಟೆ ಹಿಡಿದುಕೊಂಡು ನೋಡುತ್ತಲೇ ಇದ್ದೆವು.

ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆಂದು ನನಗೆ ಭಯವಾಯಿತು. ನೋಡಿದರೆ, ತಡೆಯಲಾರದ ನಗು.

"ಅವ್ರ ಫ್ಯಾಕ್ಟ್ರೀಲಿ ನಲವತ್ತು ಜನ ಕೆಲಸಗಾರ್ರು, ಒಬ್ರೇ ಓನರ್ರು. ಇಲ್ನೋಡ್ರೋ, ಒಬ್ರೇ ಕೆಲಸಗಾರ್ರು, ನಲವತ್ತು ಜನ ಓನರ್ರು!"