ಐದನೇ ಕೊಠಡಿಯ ಗುಮಾಸ್ತರು

ಮನುಷ್ಯನು ಕುಡಿತವನ್ನು ಐದು ಹಂತಗಳಲ್ಲಿ ಮಾತ್ರ ಬಿಡತಕ್ಕದ್ದು ಎಂಬುದು ವ್ಯಸನಮುಕ್ತಿ ಕಚೇರಿಯ ನಿಯಮ. ಬಿಡುವ ಯೋಚನೆಯೇ ಇಲ್ಲದಿರುವುದು ಒಂದನೆಯದು, ಯೋಚಿಸುವುದು ಎರಡನೆಯದು, ತಯಾರಾಗುವುದು ಮೂರನೆಯದು, ಬಿಡುವುದು ನಾಲ್ಕನೆಯದು, ಬಿಟ್ಟಮೇಲೆ ಮತ್ತೆ ಜಾರುವುದು ಐದನೆಯದು. ಹಂತಕ್ಕೊಂದು ಕೊಠಡಿ, ಕೊಠಡಿಗೊಂದು ಮೊಹರು. ಐದೂ ಬಿದ್ದವನೇ ಗುಣವಾದವನು.

ಒಬ್ಬ ಬಸ್ ಡ್ರೈವರ್ ಹನ್ನೊಂದು ತಿಂಗಳ ಹಿಂದೆಯೇ, ಯಾರನ್ನೂ ಕೇಳದೆ, ಕುಡಿತ ಬಿಟ್ಟುಬಿಟ್ಟಿದ್ದ. ಅಲ್ಲೇ ಎಡವಟ್ಟಾದದ್ದು. ಹಿಂದಿನ ಕುಡಿತಕ್ಕಾಗಿ ಅಮಾನತಿನಲ್ಲಿದ್ದ ಅವನು ಸಂಜೆಯೊಳಗೆ ಈ ಕಚೇರಿಯ ಪ್ರಮಾಣಪತ್ರ ಕೊಡದಿದ್ದರೆ ಕೆಲಸಕ್ಕೆ ಎಳ್ಳುನೀರೇ.

ಮೊದಲ ಕೊಠಡಿಯಲ್ಲಿ ಸಲಹೆಗಾರ್ತಿ ಅವನಿಂದ ‘ನನಗೆ ಕುಡಿತ ಬಿಡುವ ಯೋಚನೆಯಿಲ್ಲ’ ಎಂದು ದುಂಡಾಗಿ ಬರೆಸಿಕೊಂಡರು. ಜೊತೆಗೆ ಬಂದಿದ್ದ ಹೆಂಡತಿ, ಇವರು ಯಾವತ್ತೋ ಬಿಟ್ಟಾಯಿತಲ್ಲ ಎಂದು ತಕರಾರು ತೆಗೆದಳು. ಸತ್ಯ ಒಪ್ಪದಿರುವುದೂ ಒಂದನೇ ಹಂತದ ಲಕ್ಷಣವಾದ್ದರಿಂದ, ಜನ್ಮದಲ್ಲಿ ಹನಿ ಮುಟ್ಟದ ಅವಳ ಹೆಸರಲ್ಲೂ ಒಂದು ಫೈಲು ತೆರೆಯಲಾಯಿತು.

ಮಧ್ಯಾಹ್ನದೊಳಗೆ ನಾಲ್ಕು ಮೊಹರು ಬಿದ್ದವು. ಐದರಲ್ಲಿ ಗಾಡಿ ನಿಂತಿತು.

“ಮತ್ತೆ ಜಾರಿದ್ದೀರಾ?” ಅಲ್ಲಿಗೂ ಬಂದಿದ್ದ ಸಲಹೆಗಾರ್ತಿ ಕೇಳಿದರು.

“ಇಲ್ಲ ಮೇಡಂ.”

“ಹಾಗಾದ್ರೆ ಗುಣ ಆಗೋದು ಹೇಗೆ?”

ಮೇಜಿನ ಮೇಲೆ ತುಂಬಿದ ಗ್ಲಾಸು, ಪಕ್ಕದಲ್ಲಿ ಕಚೇರಿ ಖರ್ಚಿನ ಕಡಲೆಬೀಜ. ಡ್ರೈವರ್ ಕುರ್ಚಿ ಹಿಂದಕ್ಕೆ ಸರಿಸಿದ. ಒಂದು ಗುಟುಕು ಇಳಿದರೆ ತಾನು ನಿಲ್ಲುವವನಲ್ಲ ಎಂದು ಅವನಿಗೆ ಗೊತ್ತು. ಹೆಂಡತಿ ಮಣಿಕಟ್ಟು ಹಿಡಿದು, “ಕೆಲ್ಸ ಹೋದ್ರೆ ಹೋಗ್ಲಿ, ನಡೀರಿ” ಎಂದಳು. ಅವನಿಗೆ ಅಳುವೇ ಬಂತು.

ಆಗ ಮೂಲೆಯಲ್ಲಿದ್ದ ಗುಮಾಸ್ತರು ಕಷ್ಟಪಟ್ಟು ಎದ್ದು ನಿಂತು ತಿದ್ದುಪಡಿ ಓದಿದರು: ‘ಅಭ್ಯರ್ಥಿಯು ಜಾರಲು ಅಸಮರ್ಥನಾದಲ್ಲಿ, ಸಿಬ್ಬಂದಿಯೊಬ್ಬರು ಅವನ ಪರವಾಗಿ ಜಾರತಕ್ಕದ್ದು.’ ಓದಿ, ಗ್ಲಾಸು ಎತ್ತಿ ಗಟಗಟ ಮುಗಿಸಿ, ಬಾಯೊರೆಸಿಕೊಂಡು ಮೊಹರು ಒತ್ತಿದರು. ಅವತ್ತಿಗೆ ಅದು ಏಳನೆಯದಂತೆ. ಈ ಹುದ್ದೆಗೆ ಬರುವ ತನಕ ಅವರಿಗೆ ಹೆಂಡದ ವಾಸನೆಯೂ ಆಗುತ್ತಿರಲಿಲ್ಲವೆಂದು ಸಲಹೆಗಾರ್ತಿ ಹೆಮ್ಮೆಯಿಂದ ತಿಳಿಸಿದರು.

ಈಗ ಡ್ರೈವರ್ ಅದೇ ಹಳೇ ದಾರಿಯಲ್ಲಿ ಬಸ್ಸು ಓಡಿಸುತ್ತಾನೆ. ಸಂಜೆ ಐದೂವರೆಗೆ ಕಚೇರಿಯ ಮುಂದೆ ಎರಡು ನಿಮಿಷ ಹೆಚ್ಚು ನಿಲ್ಲಿಸುತ್ತಾನೆ. ಗುಮಾಸ್ತರನ್ನು ಇಬ್ಬರು ಎತ್ತಿ ತಂದು ಕೂರಿಸುತ್ತಾರೆ. ಪ್ರಯಾಣಿಕರು ಹೇಳಿಸಿಕೊಳ್ಳದೆ ಮುಂದಿನ ಸೀಟು ಬಿಟ್ಟುಕೊಡುತ್ತಾರೆ. ಕೊನೇ ನಿಲ್ದಾಣದಲ್ಲಿ ಗುಮಾಸ್ತರ ಹೆಂಡತಿ ಕಾದಿರುತ್ತಾರೆ.

ಒಂದು ದಿನ ಡ್ರೈವರ್ ತಡೆಯಲಾರದೆ, ಇವರನ್ನೂ ಆ ಕಚೇರಿಯಲ್ಲೇ ಅಭ್ಯರ್ಥಿಯಾಗಿ ಸೇರಿಸಿದರೆ ವಾಸಿಯಾಗಬಹುದಲ್ಲ ಎಂದು ಕೇಳಿಯೇಬಿಟ್ಟ.

ಆಕೆ ಗಂಡನ ಕಾಲರ್ ಸರಿಮಾಡುತ್ತ ಹೇಳಿದರು: “ಇವ್ರನ್ನ ಸೇರಿಸಿಕೊಂಡ್ರೆ ಇವ್ರ ಪರವಾಗಿ ಜಾರೋರು ಯಾರಣ್ಣ? ಮುಂದಿನ ತಿಂಗಳು ಬಡ್ತಿ ಬೇರೆ ಇದೆ.”

ಅದೂ ಸರಿಯೇ ಅನ್ನಿಸಿ ಡ್ರೈವರ್ ಬಸ್ಸು ತಿರುಗಿಸಿದ.